ಹಳೇ ವಸ್ತುವಿಗೆ ಹೊಸ ಕೆಲಸ, ಮನೆ ಖರ್ಚಿಗೆ ಕಡಿವಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಖಾಲಿ ಬಾಟಲಿ, ಹರಿದ ಟೀ ಶರ್ಟ್, ಒಂಟಿ ಕಾಲುಚೀಲ, ಸವೆದ ಬ್ರಶ್. ಇವನ್ನು ಎಸೆಯಲು ಹೋದಾಗ ಕೈ ಸ್ವಲ್ಪ ಹಿಂಜರಿಯುತ್ತದೆ, ಅಲ್ವಾ? ಹಾಗೆಂದು ಎಲ್ಲವನ್ನೂ ಎತ್ತಿಟ್ಟರೆ ದುಡ್ಡು ಉಳಿಯುವುದಿಲ್ಲ, ಅಟ್ಟ ತುಂಬುತ್ತದೆ ಅಷ್ಟೇ. ಯಾವುದನ್ನು ಇಟ್ಟುಕೊಳ್ಳಬೇಕು, ಅದಕ್ಕೆ ಯಾವ ಕೆಲಸ ಕೊಡಬೇಕು, ಯಾವುದನ್ನು ಮತ್ತೆ ಬಳಸಲೇಬಾರದು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಇದರಿಂದ ನಿಜವಾಗಿಯೂ ದುಡ್ಡು ಉಳಿಯುತ್ತದೆಯೇ?

ಉಳಿಯುತ್ತದೆ, ಆದರೆ ಒಂದು ಷರತ್ತಿದೆ. ನೀವು ದುಡ್ಡು ಕೊಟ್ಟು ತರಬೇಕೆಂದಿದ್ದ ವಸ್ತುವಿನ ಕೆಲಸವನ್ನು ಹಳೇ ವಸ್ತು ಮಾಡಬೇಕು. ಆ ಖರೀದಿ ತಪ್ಪಿದರೆ ಮಾತ್ರ ಅದು ಉಳಿತಾಯ.

ಪ್ರತಿ ತಿಂಗಳು ಟಿಶ್ಯೂ ರೋಲ್ ತರುವ ಮನೆಯಲ್ಲಿ ಹಳೇ ಹತ್ತಿ ಬಟ್ಟೆ ಒರೆಸುವ ಕೆಲಸಕ್ಕೆ ಬಂತು ಎಂದುಕೊಳ್ಳಿ. ಒಂದು ಖರ್ಚು ಪಟ್ಟಿಯಿಂದಲೇ ಹೋಯಿತು. ಮುಂದಿನ ತಿಂಗಳೂ ಉಳಿಯುತ್ತದೆ, ಅದರ ಮುಂದಿನ ತಿಂಗಳೂ ಉಳಿಯುತ್ತದೆ. ಅದೇ ಒಂದು ಖಾಲಿ ಬಾಟಲಿಯನ್ನು ಅಲಂಕಾರದ ದೀಪ ಮಾಡಲು ಹೊರಟರೆ ಬಣ್ಣ ಬೇಕು, ಅಂಟು ಬೇಕು, ದೀಪದ ಸರ ಬೇಕು. ಮೂಗಿಗಿಂತ ಮೂಗುತಿ ಭಾರ. ಕೈಕೆಲಸದ ಖುಷಿಗಾಗಿ ಮಾಡುವುದಾದರೆ ಖಂಡಿತ ಮಾಡಿ, ಅದು ಒಳ್ಳೆಯ ಹವ್ಯಾಸ. ಆದರೆ ಅದನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಕಸದ ಬುಟ್ಟಿಯಿಂದ ಅಲ್ಲ, ಖರೀದಿ ಪಟ್ಟಿಯಿಂದ. ನಿಮ್ಮ ಮನೆಯಲ್ಲಿ ಪದೇ ಪದೇ ಕೊಳ್ಳುವ, ಆದರೆ ತಿನ್ನಲು ಉಡಲು ಅಲ್ಲದ ವಸ್ತುಗಳನ್ನು ಒಂದು ಕಾಗದದಲ್ಲಿ ಬರೆಯಿರಿ. ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇವು ಇರುತ್ತವೆ: ಟಿಶ್ಯೂ, ನೆಲ ಒರೆಸುವ ಬಟ್ಟೆ, ಸ್ಪಂಜು, ಶೇಖರಣೆಯ ಡಬ್ಬಿ, ಜಿಪ್ ಚೀಲ, ಸಸಿ ಕುಂಡ, ಗೊಬ್ಬರ, ಡ್ರಾಯರ್ ಒಳಗೆ ಹಾಕುವ ವಿಭಾಜಕ, ರಬ್ಬರ್ ಬ್ಯಾಂಡ್, ಹಲವು ಬಗೆಯ ಕ್ಲೀನರ್.

ಆಮೇಲೆ ಮನೆಯೊಳಗೆ ಒಮ್ಮೆ ತಿರುಗಾಡಿ. ಈ ಪಟ್ಟಿಯಲ್ಲಿರುವ ಯಾವ ಕೆಲಸವನ್ನು ಮನೆಯಲ್ಲೇ ಇರುವ ಯಾವ ವಸ್ತು ಮಾಡಬಲ್ಲದು ಎಂದು ನೋಡಿ. ಕೈಯಲ್ಲಿ ಡಬ್ಬಿ ಹಿಡಿದು ಇದರಿಂದ ಏನು ಮಾಡಲಿ ಎಂದು ಯೋಚಿಸುತ್ತಾ ಕೂತರೆ ಬರೀ ಆಟಿಕೆ ಐಡಿಯಾಗಳೇ ಬರುತ್ತವೆ. ಕೆಲಸ ಮೊದಲು ಗೊತ್ತಿದ್ದರೆ ಸರಿಯಾದ ವಸ್ತು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಒಂದೇ ಒಂದರಿಂದ ಶುರು ಮಾಡುವುದಾದರೆ ಹಳೇ ಬಟ್ಟೆಯಿಂದ ಮಾಡಿ. ಅಷ್ಟು ಸುಲಭವಾಗಿ, ಅಷ್ಟು ಬೇಗ ಫಲ ಕೊಡುವ ವಸ್ತು ಮನೆಯಲ್ಲಿ ಬೇರೆ ಇಲ್ಲ.

ಯಾವ ಬಟ್ಟೆ ಒರೆಸಲು ಒಳ್ಳೆಯದು? ಎಲ್ಲ ಬಟ್ಟೆಯೂ ನೀರು ಹೀರುವುದಿಲ್ಲವಲ್ಲ?

ಸರಿಯಾದ ಪ್ರಶ್ನೆ. ಹತ್ತಿ ನೀರು ಹೀರುತ್ತದೆ, ಪಾಲಿಯೆಸ್ಟರ್ ನೀರನ್ನು ಸುಮ್ನೆ ಆಚೀಚೆ ತಳ್ಳುತ್ತದೆ. ಬಟ್ಟೆಯ ಒಳಗಿನ ಚೀಟಿ ನೋಡಿ. ಚೀಟಿ ಇಲ್ಲದಿದ್ದರೆ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಒಳಗಿಳಿದರೆ ಅದು ಒರೆಸುವ ಬಟ್ಟೆ. ಮುತ್ತಿನಂತೆ ಮೇಲೆಯೇ ನಿಂತರೆ ಅದನ್ನು ಧೂಳು ಹೊಡೆಯಲು ಅಥವಾ ಸಾಮಾನು ಸುತ್ತಿಡಲು ಇಟ್ಟುಕೊಳ್ಳಿ.

ಟೀ ಶರ್ಟ್ ಮತ್ತು ಬನಿಯನ್ ಬಟ್ಟೆ ಹೆಣೆದದ್ದು, ನೇಯ್ದದ್ದಲ್ಲ. ಕತ್ತರಿಸಿದ ಅಂಚು ಸ್ವಲ್ಪ ಸುರುಳಿಯಾಗುತ್ತದೆ, ಆದರೆ ನೂಲು ಬಿಡುವುದಿಲ್ಲ. ಆದ್ದರಿಂದ ಅಂಚು ಹೊಲಿಯುವ ಕೆಲಸವೇ ಇಲ್ಲ. ಹೊಲಿಗೆಯ ಸಾಲು, ಕುತ್ತಿಗೆ ಪಟ್ಟಿ, ಅಚ್ಚು ಹಾಕಿದ ಚಿತ್ರ ಇರುವ ಭಾಗ ಇಷ್ಟನ್ನು ತೆಗೆದು, ಉಳಿದದ್ದನ್ನು ಅಂಗೈಯ ಎರಡರಷ್ಟು ಅಗಲದ ಚೌಕ ಮಾಡಿ. ಶರ್ಟ್, ಬೆಡ್‌ಶೀಟ್ ಇವು ನೇಯ್ದ ಬಟ್ಟೆ. ಅಂಚಿನಲ್ಲಿ ಸಣ್ಣದಾಗಿ ಕತ್ತರಿ ಹಾಕಿ ಎರಡೂ ಕೈಯಿಂದ ಎಳೆದರೆ ನೂಲಿನ ಸಾಲಿನಲ್ಲೇ ನೆಟ್ಟಗೆ ಹರಿಯುತ್ತದೆ, ಕತ್ತರಿಗಿಂತ ಬೇಗ. ಟವೆಲ್ ಮಾತ್ರ ಕತ್ತರಿಸಿದರೆ ಎಳೆ ಉದುರಿಸುತ್ತಲೇ ಇರುತ್ತದೆ, ಅದಕ್ಕೆ ಒಂದು ಅಂಚು ಹೊಲಿಗೆ ಬೇಕೇ ಬೇಕು.

ಕತ್ತರಿಸುವ ಮೊದಲು ಗುಂಡಿ, ಜಿಪ್, ಎಲಾಸ್ಟಿಕ್ ಬಿಡಿಸಿಟ್ಟುಕೊಳ್ಳಿ. ಒಂದು ಗುಂಡಿ ಕಳೆದುಹೋಯಿತೆಂದು ಒಳ್ಳೆಯ ಶರ್ಟ್ ಮೂಲೆಗೆ ಸೇರುವುದು ಎಷ್ಟೋ ಮನೆಗಳ ಕಥೆ. ಆ ಹೊತ್ತಿಗೆ ಕೈಗೆ ಒಂದು ಗುಂಡಿ ಸಿಕ್ಕರೆ ಹೊಸ ಶರ್ಟ್ ಕೊಳ್ಳುವುದೇ ತಪ್ಪುತ್ತದೆ.

ಇನ್ನೆರಡು ಮಾತು. ಒರೆಸುವ ಬಟ್ಟೆ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ಎಳೆಯ ಮೇಲೆ ಪದರವಾಗಿ ಕೂತು ನೀರು ಹೀರುವ ಗುಣ ಕಡಿಮೆ ಮಾಡುತ್ತದೆ. ಎರಡನೆಯದು ನಿಜಕ್ಕೂ ಎಚ್ಚರಿಕೆಯ ಮಾತು. ಮರದ ಸಾಮಾನಿಗೆ ಹಚ್ಚುವ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಗಾಳಿಯೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಬಿಸಾಡಿ.

ಬೆಡ್‌ಶೀಟ್ ನಡುವೆ ತೆಳುವಾಗಿದೆ. ಒರೆಸುವ ಬಟ್ಟೆ ಮಾಡುವುದೊಂದೇ ದಾರಿಯೇ?

ಅದಕ್ಕಿಂತ ಒಳ್ಳೆಯ ದಾರಿ ಇದೆ. ಶೀಟನ್ನು ಬೆಳಕಿಗೆ ಹಿಡಿದು ನೋಡಿ. ಮಲಗುವ ನಡುಭಾಗ ಸವೆದಿರುತ್ತದೆ, ಎರಡೂ ಪಕ್ಕ ಹೊಸದರಂತೆ ಗಟ್ಟಿಯಾಗಿರುತ್ತದೆ. ಉದ್ದಕ್ಕೆ ನಡುವೆ ಕತ್ತರಿಸಿ. ಈಗ ಎರಡು ತುಂಡುಗಳಾದವು. ಹೊರಗಿನ ಗಟ್ಟಿ ಅಂಚುಗಳೆರಡನ್ನೂ ಒಂದಕ್ಕೊಂದು ಸೇರಿಸಿ ಚಪ್ಪಟೆಯಾಗಿ ಹೊಲಿಯಿರಿ. ತೆಳುವಾದ ಭಾಗ ಈಗ ಎರಡು ಪಕ್ಕಕ್ಕೆ ಹೋಗಿ ಹಾಸಿಗೆ ಕೆಳಗೆ ಮಡಚಿಕೊಳ್ಳುತ್ತದೆ. ಹೊಸ ಅಂಚುಗಳನ್ನು ಮಡಿಸಿ ಹೊಲಿದರೆ ಕೆಲಸ ಮುಗಿಯಿತು. ಇಬ್ಬರು ಮಲಗುವ ಹಾಸಿಗೆಯಲ್ಲಿ ಹೊಲಿಗೆ ಇಬ್ಬರ ನಡುವೆ ಬೀಳುವುದರಿಂದ ಯಾರಿಗೂ ಒತ್ತುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬಟ್ಟೆಗೂ ಪಡಿತರ ಇದ್ದ ಬ್ರಿಟನ್ನಿನ ಮನೆಗಳಲ್ಲಿ ಇದು ಮಾಮೂಲಿ ಕೆಲಸವಾಗಿತ್ತು. ಅಲ್ಲಿ ಆ ಪಡಿತರ 1941ರಿಂದ 1949ರವರೆಗೆ ನಡೆಯಿತು.

ಹೊಲಿಗೆ ಬಾರದಿದ್ದರೆ ಪಕ್ಕದ ಗಟ್ಟಿ ಭಾಗದಿಂದ ದಿಂಬಿನ ಕವರ್ ಅಥವಾ ಸಾಮಾನು ತರುವ ಚೀಲ ಮಾಡಿಸಿ, ನಡುಭಾಗವನ್ನು ಒರೆಸಲು ಇಟ್ಟುಕೊಳ್ಳಿ.

ಗಾಜಿನ ಬಾಟಲಿಯ ಚೀಟಿ, ಅಂಟು, ವಾಸನೆ ಹೋಗುವುದೇ ಇಲ್ಲ. ಏನು ಮಾಡಲಿ?

ಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ಕಾಗದ ಸುಲಭವಾಗಿ ಬಿಡುತ್ತದೆ. ಉಳಿಯುವ ಅಂಟು ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಜಗ್ಗುತ್ತದೆ. ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾ ಸೇರಿಸಿ ಗಟ್ಟಿಯಾಗಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ. ಎಣ್ಣೆ ಅಂಟನ್ನು ಸಡಿಲ ಮಾಡುತ್ತದೆ, ಸೋಡಾ ಕೆರೆದು ತೆಗೆಯುತ್ತದೆ.

ವಾಸನೆಯ ವಿಷಯದಲ್ಲಿ ತಪ್ಪು ಗಾಜಿನದ್ದಲ್ಲ, ಮುಚ್ಚಳದ್ದು. ಮುಚ್ಚಳದ ಒಳಗಿನ ಮೆತ್ತನೆ ಪದರ ವಾಸನೆ ಹೀರಿಕೊಂಡಿರುತ್ತದೆ. ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಬಿಡಿ, ಬಿಸಿಲಿಗೆ ಒಂದೆರಡು ದಿನ ಇಡಿ. ಆದರೂ ಹೋಗದಿದ್ದರೆ ಆ ಬಾಟಲಿ ಮೊಳೆ, ಸ್ಕ್ರೂ, ಗುಂಡಿ ಇಡಲು ಹೋಗಲಿ. ಅಡುಗೆಮನೆಯಲ್ಲೇ ಇರಬೇಕೆಂಬ ಹಟ ಬೇಡ.

ಈ ಬಾಟಲಿಗಳ ಗಾಜು ಮಾಮೂಲಿ ಗಾಜು. ಓವನ್ ಪಾತ್ರೆಯ ಗಾಜಿನಂತೆ ಶಾಖ ತಡೆಯುವುದಿಲ್ಲ. ತಣ್ಣಗಿರುವ ಬಾಟಲಿಗೆ ಕುದಿಯುವ ನೀರು ಸುರಿದರೆ ಒಡೆಯಬಹುದು. ಫ್ರೀಜರ್‌ನಲ್ಲಿಟ್ಟರೆ ಇನ್ನೊಂದು ತೊಂದರೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು 9 ಶೇಕಡಾ ಹಿಗ್ಗುತ್ತದೆ. ಕುತ್ತಿಗೆ ಕಿರಿದಾದ ಬಾಟಲಿ ಅಲ್ಲೇ ಬಿರುಕು ಬಿಡುತ್ತದೆ. ನೆಟ್ಟಗಿನ ಗೋಡೆಯ ಜಾರ್ ಆರಿಸಿ, ಮೇಲೆ ಒಂದಿಂಚು ಖಾಲಿ ಬಿಡಿ.

ಹೀಗೆ ಉಳಿದ ಜಾರ್‌ಗಳಲ್ಲಿ ವರ್ಷಗಟ್ಟಲೆ ಕೆಡದಂತೆ ಆಹಾರ ಮುಚ್ಚಿಡುವ ಪ್ರಯತ್ನ ಮಾಡಬೇಡಿ. ಒಮ್ಮೆ ತೆರೆದ ಮುಚ್ಚಳ ಮತ್ತೆ ಗಾಳಿಯಾಡದಂತೆ ಕೂರುತ್ತದೆಂದು ನಂಬಲಾಗದು. ಒಣ ಪದಾರ್ಥಗಳಿಗೆ ಅವು ಬಹಳ ಒಳ್ಳೆಯವು. ಒಳಗೇನಿದೆ ಎಂದು ಹೊರಗಿನಿಂದಲೇ ಕಾಣುವುದರಿಂದ ಮನೆಯಲ್ಲಿ ಇರುವುದನ್ನೇ ಮತ್ತೆ ತರುವುದು ತಪ್ಪುತ್ತದೆ. ಡಬ್ಬಿಯ ದುಡ್ಡಿಗಿಂತ ಈ ಲಾಭವೇ ದೊಡ್ಡದು ಎಂದು ನನಗನ್ನಿಸುತ್ತದೆ.

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದಲ್ಲ, ಅದನ್ನು ನೋಡಿ ನಿರ್ಧರಿಸಬಹುದೇ?

ಅರ್ಧ ಮಾತ್ರ. ಆ ಸಂಖ್ಯೆ ಹೇಳುವುದು ಪ್ಲಾಸ್ಟಿಕ್ಕಿನ ಜಾತಿ. ಮತ್ತೆ ಬಳಸಲು ಸುರಕ್ಷಿತ ಎಂಬ ಪ್ರಮಾಣಪತ್ರ ಅಲ್ಲ. 1 ಎಂದರೆ ಪಿಇಟಿ, ನೀರು ಮತ್ತು ತಂಪು ಪಾನೀಯದ ಬಾಟಲಿ. 2 ಎಂದರೆ ಎಚ್‌ಡಿಪಿಇ, ಶಾಂಪೂ ಬಾಟಲಿ, ಕ್ಯಾನ್ ಇತ್ಯಾದಿ. 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಎಂದರೆ ಇವುಗಳ ಹೊರತಾದ ಎಲ್ಲವೂ.

ಆಹಾರದ ಡಬ್ಬಿಯಾಗಿ ಬಂದದ್ದನ್ನೇ ಆಹಾರಕ್ಕೆ ಬಳಸಿ, ಅದರಲ್ಲೂ 5 ಎಂದಿರುವ ಅಗಲ ಬಾಯಿಯ ಡಬ್ಬಿ ಒಳ್ಳೆಯದು. ಪಿಇಟಿ ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಅದಕ್ಕೆ ಬಿಸಿ ನೀರು ಹಾಕಿದರೆ ಬಾಟಲಿ ಸೊಟ್ಟಗಾಗುವುದು ಇದಕ್ಕೇ. ಬಿಸಿಯಾದದ್ದು ಯಾವುದನ್ನೂ ಅದರಲ್ಲಿ ಹಾಕಬೇಡಿ. ಗೀರು ಬಿದ್ದು ಮಬ್ಬಾದ ಡಬ್ಬಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ. ಆ ಗೀರುಗಳಲ್ಲಿ ಕೊಳೆ ಕೂತರೆ ತೊಳೆದರೂ ಹೋಗುವುದಿಲ್ಲ.

ಪಿಇಟಿ ಬಾಟಲಿಯ ಕುತ್ತಿಗೆಯಿಂದ ಒಂದು ಒಳ್ಳೆಯ ಉಪಯೋಗ ಇದೆ. ಮುಚ್ಚಳದ ಸಮೇತ ಕುತ್ತಿಗೆ ಕತ್ತರಿಸಿ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಬಾಯಿಯನ್ನು ಕುತ್ತಿಗೆಯೊಳಗಿಂದ ಮೇಲಕ್ಕೆ ಎಳೆದು, ಹೊರಗೆ ಮಡಚಿ, ಮೇಲೆ ಮುಚ್ಚಳ ತಿರುಗಿಸಿ. ತೆರೆದ ಪ್ಯಾಕೆಟ್ ಭದ್ರವಾಗಿ ಮುಚ್ಚಿಕೊಳ್ಳುತ್ತದೆ. ಬಾಟಲಿಯ ಉಳಿದ ಭಾಗವೂ ವ್ಯರ್ಥವಲ್ಲ, ಕೆಳಗಿನ ಅರ್ಧ ಸಸಿಗೆ ಸಾಕು.

ಯಾವುದನ್ನು ಮತ್ತೆ ಬಳಸಲೇಬಾರದು?

ಕೀಟನಾಶಕ, ಬಣ್ಣ, ಎಂಜಿನ್ ಆಯಿಲ್, ಆಸಿಡ್, ಬ್ಲೀಚ್ ಇದ್ದ ಡಬ್ಬಿಗಳನ್ನು ಎಷ್ಟು ತೊಳೆದರೂ ಆಹಾರಕ್ಕೆ, ನೀರಿಗೆ, ಮಕ್ಕಳ ಆಟಕ್ಕೆ ಕೊಡಬೇಡಿ. ಪ್ಲಾಸ್ಟಿಕ್ ಆ ರಾಸಾಯನಿಕವನ್ನು ತನ್ನೊಳಗೆ ಹೀರಿಕೊಂಡಿರುತ್ತದೆ.

ಇದರ ಉಲ್ಟಾ ಇನ್ನೂ ಅಪಾಯ. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸೀಮೆಎಣ್ಣೆ, ತಿನ್ನರ್, ಫಿನಾಯಿಲ್, ಆಸಿಡ್ ತುಂಬಿಡಬೇಡಿ. ಮೇಲೆ ಚೀಟಿ ಅಂಟಿಸಿದರೂ ಬೇಡ. ಮಗುವಿಗೆ ಚೀಟಿ ಓದಲು ಬರುವುದಿಲ್ಲ. ಕತ್ತಲಲ್ಲಿ ಬಾಯಾರಿ ಎದ್ದ ದೊಡ್ಡವರೂ ಚೀಟಿ ಓದುವುದಿಲ್ಲ. ದಯವಿಟ್ಟು ಈ ಒಂದು ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆ ಬಿಡಿ.

ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಬೇಡಿ. ಒಳಗಿನ ಫೋಮ್ ಒಂದೇ ಪೆಟ್ಟಿಗೆ ಕುಗ್ಗಿ ತನ್ನ ಕೆಲಸ ಮುಗಿಸಿರುತ್ತದೆ, ಹೊರಗೆ ಏನೂ ಕಾಣದಿರಬಹುದು. ಸುಲಿದ ವೈರಿನ ಎಕ್ಸ್‌ಟೆನ್ಶನ್ ಬೋರ್ಡ್, ಪಾದರಸ ಇರುವ ಸಿಎಫ್‌ಎಲ್ ಬಲ್ಬ್ ಮತ್ತು ಟ್ಯೂಬ್‌ಲೈಟ್, ಊದಿಕೊಂಡ ಬ್ಯಾಟರಿ ಇವೂ ಅದೇ ಸಾಲಿಗೆ ಸೇರುತ್ತವೆ.

ಗಿಡಗಳಿಗೆ ಹಳೇ ಡಬ್ಬಿ, ಬಾಟಲಿ ಬಳಸಿದರೆ ಚೆನ್ನಾಗಿ ಬೆಳೆಯುತ್ತವೆಯೇ?

ಬೇರಿಗೆ ಡಬ್ಬಿಯ ಬೆಲೆ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ಗಾಳಿ, ತೇವ, ನೀರು ಹರಿದುಹೋಗುವ ತೂತು. ತಳದಲ್ಲಿ ತೂತಿಲ್ಲದ ಡಬ್ಬಿಯಲ್ಲಿ ಗಿಡ ಕೊಳೆತು ಸಾಯುತ್ತದೆ. ಬಿಸಿ ಮಾಡಿದ ಮೊಳೆಯಿಂದ ನಾಲ್ಕಾರು ತೂತು ಮಾಡಿ, ಕಿಟಕಿ ತೆರೆದಿಟ್ಟು ಮಾಡಿ. ತಗಡಿನ ಡಬ್ಬಿ ಬಿಸಿಲಿಗೆ ಕಾಯುತ್ತದೆ, ಬೇರು ಬೇಯುತ್ತದೆ. ಅದನ್ನು ನೆರಳಿನ ಗಿಡಕ್ಕೆ ಇಡಿ.

ದಿನಾ ನೀರು ಹಾಕಲು ಆಗದವರಿಗೆ ಪಿಇಟಿ ಬಾಟಲಿಯ ಒಂದು ಉಪಾಯ ಇದೆ. ಬಾಟಲಿಯನ್ನು ನಡುವಿನಲ್ಲಿ ಕತ್ತರಿಸಿ. ಮುಚ್ಚಳದಲ್ಲಿ ತೂತು ಮಾಡಿ, ಹಳೇ ಹತ್ತಿ ಟೀ ಶರ್ಟಿನ ಒಂದು ಪಟ್ಟಿಯನ್ನು ತೂರಿಸಿ. ಮೇಲಿನ ಅರ್ಧವನ್ನು ತಲೆಕೆಳಗಾಗಿ ಕೆಳಗಿನ ಅರ್ಧದೊಳಗೆ ಕೂರಿಸಿ. ಮೇಲೆ ಮಣ್ಣು ಮತ್ತು ಸಸಿ, ಕೆಳಗೆ ನೀರು. ಬಟ್ಟೆಯ ಪಟ್ಟಿ ಕೆಳಗಿನ ನೀರನ್ನು ಮಣ್ಣಿಗೆ ಹೀರಿ ಕೊಡುತ್ತಿರುತ್ತದೆ. ಪಟ್ಟಿಯ ಒಂದು ತುದಿ ಮಣ್ಣಿನ ನಡುವಿನವರೆಗೆ ಬರಬೇಕು, ಇನ್ನೊಂದು ತುದಿ ನೀರಿನ ತಳ ಮುಟ್ಟಬೇಕು. ಮೊದಲ ಸಲ ಮಣ್ಣನ್ನು ಮೇಲಿನಿಂದ ಚೆನ್ನಾಗಿ ನೆನೆಸಿ, ಒಣ ಮಣ್ಣಿಗೆ ಪಟ್ಟಿ ನೀರು ಏರಿಸುವುದಿಲ್ಲ.

ಸೊಳ್ಳೆಯನ್ನು ಮಾತ್ರ ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸಣ್ಣ ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ಬರೀ ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಬೇಕು. ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಆಮೇಲೆ ನೀರು ತಾಗಿದರೆ ಮರಿ ಹೊರಬರುತ್ತದೆ. ಹೊರಗೆ ಸುಮ್ನೆ ಬಿದ್ದಿರುವ ಹಳೇ ಟೈರ್, ಬಕೆಟ್, ಡಬ್ಬಿಗಳಿಗೂ ಇದೇ ಮಾತು.

ಹಳೇ ಪೇಪರ್, ರಟ್ಟಿನ ಪೆಟ್ಟಿಗೆ ಯಾವುದಕ್ಕೆ ಬರುತ್ತವೆ?

ಒದ್ದೆ ಶೂ ಒಳಗೆ ಪೇಪರ್ ಮುದ್ದೆ ತುರುಕಿ, ಅದು ನೆನೆದ ಮೇಲೆ ಬದಲಿಸಿ. ಬಿಸಿಲಿಲ್ಲದ ದಿನವೂ ಶೂ ಬೇಗ ಒಣಗುತ್ತದೆ. ರಟ್ಟನ್ನು ಡ್ರಾಯರಿನ ಅಳತೆಗೆ ಕತ್ತರಿಸಿ ಖಾನೆ ಮಾಡಿ. ದುಡ್ಡು ಕೊಟ್ಟು ತಂದ ವಿಭಾಜಕ ನಿಮ್ಮ ಡ್ರಾಯರಿಗೆ ಸರಿಯಾಗಿ ಕೂರದಿರಬಹುದು, ಇದು ಕೂರುತ್ತದೆ. ರಟ್ಟಿನ ಟ್ಯೂಬಿಗೆ ಚಾರ್ಜರ್ ವೈರ್ ಸುತ್ತಿಡಬಹುದು.

ಮುದ್ರಿಸಿದ ಪೇಪರಿನಲ್ಲಿ ಆಹಾರ ಕಟ್ಟಬೇಡಿ, ಶಾಯಿ ಅಂಟುತ್ತದೆ, ಎಣ್ಣೆ ಇದ್ದರೆ ಇನ್ನೂ ಜಾಸ್ತಿ. ಅಂಗಡಿಯ ಬಿಲ್ಲಿನ ನುಣುಪು ಕಾಗದ ಗೊಬ್ಬರಕ್ಕೂ ಬೇಡ, ಅದರ ಮೇಲೆ ರಾಸಾಯನಿಕ ಲೇಪ ಇರುತ್ತದೆ. ಅಲೆಯಲೆಯಾದ ರಟ್ಟಿನ ಪೆಟ್ಟಿಗೆಗಳನ್ನು ಅಡುಗೆಮನೆಯಲ್ಲಿ ರಾಶಿ ಹಾಕಿದರೆ ಜಿರಳೆಗೆ ಮನೆ ಕಟ್ಟಿಕೊಟ್ಟ ಹಾಗೆ. ಆ ಸಂದುಗಳು ಅದಕ್ಕೆ ಇಷ್ಟ, ಒಳಗಿನ ಅಂಟು ಅದಕ್ಕೆ ಊಟ.

ಬೇರೆ ಬೇರೆ ಕ್ಲೀನರ್ ಬದಲು ವಿನೆಗರ್ ಮತ್ತು ಅಡುಗೆ ಸೋಡಾ ಸಾಕೇ?

ಬಹಳಷ್ಟು ಕೆಲಸಕ್ಕೆ ಸಾಕು, ಆದರೆ ಬೇರೆ ಬೇರೆಯಾಗಿ. ಎರಡನ್ನೂ ಬೆರೆಸಿದರೆ ಬುಸುಬುಸು ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಕೊಳೆ ತೆಗೆಯುವ ಶಕ್ತಿ ನೊರೆಯ ಜೊತೆಗೇ ಹೋಯಿತು.

ವಿನೆಗರ್‌ನಲ್ಲಿ ಸುಮಾರು 5 ಶೇಕಡಾ ಅಸಿಟಿಕ್ ಆಸಿಡ್ ಇರುತ್ತದೆ. ಗಡಸು ನೀರಿನ ಬಿಳಿ ಪದರವನ್ನು ಕರಗಿಸಲು ಅಷ್ಟು ಸಾಕು. ಕೆಟಲ್ ಒಳಗೆ ಅರ್ಧ ನೀರು ಅರ್ಧ ವಿನೆಗರ್ ಹಾಕಿ ಕಾಯಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಹಿಂಡಿ ಬಿಟ್ಟ ನಿಂಬೆ ಸಿಪ್ಪೆ ಕುದಿಸಿದರೂ ಇದೇ ಕೆಲಸ ಆಗುತ್ತದೆ, ಅದಕ್ಕಂತೂ ದುಡ್ಡೇ ಬೇಡ. ಶವರ್ ತೂತು ಕಟ್ಟಿದರೆ ಒಂದು ಹಳೇ ಪ್ಲಾಸ್ಟಿಕ್ ಚೀಲಕ್ಕೆ ವಿನೆಗರ್ ಹಾಕಿ, ಶವರ್ ಅದರೊಳಗೆ ಮುಳುಗುವಂತೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಗಂಟೆ ಬಿಡಿ. ಅಮೃತಶಿಲೆ, ಸುಣ್ಣದಕಲ್ಲಿನ ಮೇಲೆ ಮಾತ್ರ ಹುಳಿ ಯಾವುದನ್ನೂ ಹಾಕಬೇಡಿ. ಕಲ್ಲೇ ಕರಗಿ ಹೊಳಪು ಹೋಗುತ್ತದೆ. ಅಡುಗೆ ಸೋಡಾ ಉಜ್ಜಲು, ಫ್ರಿಜ್ ವಾಸನೆ ತೆಗೆಯಲು ಒಳ್ಳೆಯದು.

ಬ್ಲೀಚ್ ಜೊತೆ ವಿನೆಗರ್ ಅಥವಾ ಬೇರೆ ಯಾವ ಆಸಿಡ್ ಸೇರಿದರೂ ಕ್ಲೋರಿನ್ ಅನಿಲ ಬರುತ್ತದೆ. ಎಷ್ಟೋ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಆಸಿಡ್ ಇರುತ್ತದೆ, ಅದನ್ನೂ ಬ್ಲೀಚ್ ಜೊತೆ ಸೇರಿಸಬಾರದು. ಅಮೋನಿಯಾ ಸೇರಿದರೆ ಕ್ಲೋರಮೈನ್ ಅನಿಲ. ಎರಡೂ ಶ್ವಾಸಕೋಶ ಸುಡುತ್ತವೆ. ಅದಕ್ಕೇ ಬ್ಲೀಚ್ ಇದ್ದ ಸ್ಪ್ರೇ ಬಾಟಲಿಗೆ ವಿನೆಗರ್ ತುಂಬಲು ಹೋಗಬೇಡಿ.

ಅಡುಗೆಮನೆ ಕಸದಿಂದ ಗೊಬ್ಬರ ಮಾಡಿದರೆ ವಾಸನೆ ಬರುವುದಿಲ್ಲವೇ?

ಸರಿಯಾಗಿ ಮಾಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಅಷ್ಟೇ. ನಾರುತ್ತಿದೆ ಎಂದರೆ ಒದ್ದೆ ಜಾಸ್ತಿಯಾಗಿದೆ, ಗಾಳಿ ಕಡಿಮೆಯಾಗಿದೆ ಎಂದರ್ಥ.

ಒಡೆದ ಬಕೆಟ್ ಒಂದಿದ್ದರೆ ಸಾಕು. ತಳಕ್ಕೂ ಪಕ್ಕಕ್ಕೂ ತೂತು ಮಾಡಿ. ಕೆಳಗೆ ಒಣ ಎಲೆ, ಹರಿದ ರಟ್ಟು ಹಾಸಿ. ಸಿಪ್ಪೆ, ಕಾಂಡ, ಬಾಡಿದ ಸೊಪ್ಪು ಹಾಕಿದಾಗೆಲ್ಲ ಅದರ ಎರಡು ಪಟ್ಟು ಒಣ ಎಲೆ ಅಥವಾ ಚೂರು ಮಾಡಿದ ಪೇಪರ್ ಮೇಲೆ ಮುಚ್ಚಿ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಸುಮಾರು 30 ಪಾಲು, ಸಾರಜನಕ 1 ಪಾಲು ಇದ್ದರೆ ಹಿತ. ಒಣ ವಸ್ತುವಿನಲ್ಲಿ ಇಂಗಾಲ ಜಾಸ್ತಿ, ಹಸಿ ಕಸದಲ್ಲಿ ಸಾರಜನಕ ಜಾಸ್ತಿ. ಅದಕ್ಕೇ ಈ ಎರಡು ಪಟ್ಟಿನ ಲೆಕ್ಕ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ಕೈಯಲ್ಲಿ ಹಿಂಡಿದರೆ ತೇವ ತಾಗಬೇಕು, ನೀರು ತೊಟ್ಟಿಕ್ಕಬಾರದು. ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಎಣ್ಣೆ, ಮಾಂಸ, ಹಾಲಿನ ಪದಾರ್ಥ ಹಾಕಬೇಡಿ, ಇಲಿ ಮತ್ತು ನೊಣ ಬರುತ್ತವೆ. ಮೊಟ್ಟೆ ಚಿಪ್ಪು ಹಾಗೇ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ, ಒಣಗಿಸಿ ಪುಡಿ ಮಾಡಿ ಹಾಕಿ.

ನೀರನ್ನೂ ಹೀಗೆ ಎರಡನೇ ಕೆಲಸಕ್ಕೆ ಹಚ್ಚಬಹುದೇ?

ಹಚ್ಚಬಹುದು. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿಗೆ ಹಿಡಿಯಿರಿ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಹೋಗುವುದು ಸಾಮಾನ್ಯ. ಅದರಲ್ಲಿ ಲವಣ ಜಾಸ್ತಿ ಇರುವುದರಿಂದ ಗಿಡಗಳಿಗೆ ದಿನಾ ಹಾಕಬೇಡಿ, ನೆಲ ಒರೆಸಲು, ಟಾಯ್ಲೆಟ್ಟಿಗೆ ಸುರಿಯಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರು ಕುಡಿಯಲು ಯೋಗ್ಯವಲ್ಲ, ಒರೆಸಲು ಸರಿ. ಸೊಪ್ಪು ತರಕಾರಿ ತೊಳೆದ ನೀರು ನೇರ ಗಿಡಕ್ಕೆ. ಸೋಪಿನ ನೀರನ್ನು ಅದೇ ದಿನ ಬಳಸಿ ಮುಗಿಸಿ, ಇಟ್ಟರೆ ನಾರುತ್ತದೆ.

ನಿಮ್ಮ ಟಾಯ್ಲೆಟ್ ಟ್ಯಾಂಕ್ ಹಳೆಯ ಕಾಲದ ದೊಡ್ಡದಾದರೆ ಒಂದು ಲೀಟರ್ ಬಾಟಲಿಗೆ ನೀರು ತುಂಬಿ, ಮುಚ್ಚಳ ಬಿಗಿದು ಒಳಗಿಡಿ. ಪ್ರತಿ ಸಲವೂ ಸುಮಾರು ಒಂದು ಲೀಟರ್ ಉಳಿಯುತ್ತದೆ. ಒಳಗಿನ ಫ್ಲೋಟ್ ಮತ್ತು ಮುಚ್ಚಳಕ್ಕೆ ಬಾಟಲಿ ತಾಗಬಾರದು. ಇಟ್ಟಿಗೆ ಇಡಬೇಡಿ, ಅದು ನೀರಲ್ಲಿ ಉದುರಿ ವಾಲ್ವ್ ಹಾಳುಮಾಡುತ್ತದೆ. ಒಂದರ ಬದಲು ಎರಡು ಸಲ ಫ್ಲಶ್ ಮಾಡಬೇಕಾಗಿ ಬಂದರೆ ಬಾಟಲಿ ತೆಗೆದುಬಿಡಿ. ಆಗ ಉಳಿತಾಯ ಉಲ್ಟಾ ಆಗುತ್ತದೆ.

ಸಣ್ಣಪುಟ್ಟ ವಸ್ತುಗಳಲ್ಲಿ ಇಟ್ಟುಕೊಳ್ಳಲು ಯೋಗ್ಯವಾದವು ಯಾವುವು?

ಹಲ್ಲುಜ್ಜುವ ಹಳೇ ಬ್ರಶ್: ನಲ್ಲಿಯ ಬುಡ, ಟೈಲ್ಸ್ ಸಂದು, ಬಾಚಣಿಗೆ. ಹಿಡಿಗೆ ಒಂದು ಬಣ್ಣದ ದಾರ ಕಟ್ಟಿಡಿ, ಯಾರೂ ತಪ್ಪಿ ಬಾಯಿಗೆ ಹಾಕಬಾರದು. ಉಳಿದ ಸೋಪಿನ ಚೂರುಗಳು: ಹಣ್ಣು ತರಕಾರಿ ಬರುವ ಬಲೆ ಚೀಲಕ್ಕೆ ಹಾಕಿ ಕಟ್ಟಿ, ಕೊನೆಯ ಚೂರಿನವರೆಗೂ ನೊರೆ ಬರುತ್ತದೆ. ತೂತಾದ ರಬ್ಬರ್ ಕೈಗವಸು: ಅಡ್ಡಕ್ಕೆ ಕತ್ತರಿಸಿದರೆ ಬೇರೆ ಬೇರೆ ಅಳತೆಯ ರಬ್ಬರ್ ಬ್ಯಾಂಡ್. ಒಂಟಿ ಕಾಲುಚೀಲ: ಕೈಗೆ ಹಾಕಿಕೊಂಡು ಫ್ಯಾನ್ ರೆಕ್ಕೆ, ಕಿಟಕಿ ಸರಳು ಒರೆಸಿ.

ಹೊಸ ಚೀಲ, ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಕ್ಯಾಮೆರಾ, ಉಪಕರಣ, ಮುಖ್ಯ ಕಾಗದಪತ್ರಗಳ ಜೊತೆ ಇಡಿ, ತೇವ ಹೀರುತ್ತದೆ. ಮಕ್ಕಳ ಕೈಗೆ ಸಿಗದಿರಲಿ, ಆಹಾರದ ಜೊತೆ ಬೇಡ.

ಒಂದು ತಪ್ಪು ಸಲಹೆ ಎಲ್ಲೆಡೆ ಓಡಾಡುತ್ತಿದೆ: ಕಿರುಗುಟ್ಟುವ ಬಾಗಿಲಿಗೆ ಅಡುಗೆ ಎಣ್ಣೆ. ಆ ದಿನ ಸದ್ದು ನಿಲ್ಲುತ್ತದೆ. ಕ್ರಮೇಣ ಎಣ್ಣೆ ಗಾಳಿಗೆ ಗಟ್ಟಿಯಾಗಿ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಉರಿದು ಉಳಿದ ಮೇಣದಬತ್ತಿಯ ತುಂಡನ್ನು ಕೀಲಿನ ಪಿನ್ನಿಗೆ ಉಜ್ಜಿ, ಅದು ಒಳ್ಳೆಯದು. ಬಿಗಿಯಾದ ಡ್ರಾಯರ್, ಜಿಪ್ ಇವಕ್ಕೂ ಅದೇ ಸಾಕು.

ಸಾಗಣೆಯ ಮರದ ಪ್ಯಾಲೆಟ್ಟಿನಿಂದ ಪೀಠೋಪಕರಣ ಮಾಡಬಹುದೇ?

ಪ್ಯಾಲೆಟ್ ಎಂದರೆ ಸರಕನ್ನು ಮೇಲಿಟ್ಟು ಸಾಗಿಸುವ ಹಲಗೆಗಳ ಚೌಕಟ್ಟು. ಮೊದಲು ಅದರ ಮೇಲಿನ ಮುದ್ರೆ ನೋಡಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಲೆಟ್ಟುಗಳಿಗೆ ಕೀಟ ಸಾಯಿಸುವ ಉಪಚಾರ ಕಡ್ಡಾಯ. ಎಚ್‌ಟಿ ಎಂಬ ಗುರುತಿದ್ದರೆ ಮರದ ತಿರುಳು 56 ಡಿಗ್ರಿಗೆ ಕನಿಷ್ಠ 30 ನಿಮಿಷ ಕಾಯ್ದಿದೆ ಎಂದರ್ಥ, ಬಳಸಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಮನೆಗೆ ಬೇಡ. ಗುರುತಿಲ್ಲದ್ದು, ಎಣ್ಣೆ ಕಲೆ ಅಥವಾ ವಾಸನೆ ಇರುವುದು ಕೂಡ ಬೇಡ.

ಇಟ್ಟುಕೊಂಡದ್ದೇ ರಾಶಿಯಾಗಿದೆ. ಎಲ್ಲಿ ನಿಲ್ಲಿಸಲಿ?

ಪ್ರತಿ ಬಗೆಗೂ ಒಂದೇ ಪೆಟ್ಟಿಗೆ. ಜಾರ್‌ಗೆ ಒಂದು, ಬಟ್ಟೆಗೆ ಒಂದು, ಸಣ್ಣ ಸಾಮಾನಿಗೆ ಒಂದು. ಪೆಟ್ಟಿಗೆ ತುಂಬಿದರೆ ಹೊಸದು ಬರುವಾಗ ಹಳೆಯದೊಂದು ಹೋಗಬೇಕು. ಮುಚ್ಚಳ ಕಳೆದುಹೋದ ಡಬ್ಬಿ ಮೊದಲು ಹೋಗಲಿ. ಯಾವ ಕೆಲಸಕ್ಕೆ ಎಂದು ಇಡುವಾಗಲೇ ಹೇಳಲು ಬಾರದ ವಸ್ತು ಬೇಡವೇ ಬೇಡ.

ಗಾಜು ಮತ್ತು ಅಲ್ಯೂಮಿನಿಯಂ ಮತ್ತೆ ಮತ್ತೆ ಕರಗಿಸಿದರೂ ಗುಣ ಕಳೆದುಕೊಳ್ಳುವುದಿಲ್ಲ. ಗುಜರಿಗೆ ಕೊಟ್ಟರೆ ಅವು ಹಾಳಾಗುವುದಿಲ್ಲ, ನಾಲ್ಕು ಕಾಸೂ ಬರಬಹುದು. ಇಟ್ಟುಕೊಳ್ಳದಿದ್ದರೆ ತಪ್ಪು ಮಾಡಿದೆ ಎಂಬ ಭಾರ ಹೊತ್ತುಕೊಳ್ಳಬೇಡಿ. ಇನ್ನೂ ಚೆನ್ನಾಗಿರುವ ಬಟ್ಟೆ, ಪಾತ್ರೆಗಳನ್ನು ಕತ್ತರಿಸಿ ಬೇರೇನೋ ಮಾಡುವುದಕ್ಕಿಂತ ಬೇಕಾದವರಿಗೆ ಹಾಗೇ ಕೊಡುವುದು ಮೇಲು.

ಮನೆಯವರು ಒಪ್ಪುವುದಿಲ್ಲ. ಹಳೇದು ಕಂಡರೆ ಮುಖ ಸಿಂಡರಿಸುತ್ತಾರೆ.

ಅವರ ಮಾತಲ್ಲೂ ಅರ್ಥ ಇದೆ. ಕೊಳಕು ಚಿಂದಿ, ಬಣ್ಣಬಣ್ಣದ ಡಬ್ಬಿ ಎದುರಿಗೇ ಇದ್ದರೆ ಯಾರಿಗೂ ಹಿಡಿಸುವುದಿಲ್ಲ. ಒಂದೇ ಅಳತೆಗೆ ಕತ್ತರಿಸಿ ಮಡಿಸಿಟ್ಟ ಬಟ್ಟೆ, ಚೀಟಿ ತೆಗೆದು ಒಂದೇ ಎತ್ತರದವನ್ನು ಸಾಲಾಗಿಟ್ಟ ಜಾರ್ ನೋಡಲು ಚೆಂದ. ವಾದ ಬೇಡ. ಟಿಶ್ಯೂ ಮುಗಿದ ದಿನ ಅದು ಇರುತ್ತಿದ್ದ ಜಾಗದಲ್ಲೇ ಮಡಿಸಿದ ಬಟ್ಟೆ ಇಟ್ಟುಬಿಡಿ. ಕೈ ಅಭ್ಯಾಸದಂತೆ ಅಲ್ಲಿಗೇ ಹೋಗುತ್ತದೆ.

ಹಳೇ ಮೊಬೈಲ್ ಡ್ರಾಯರಿನಲ್ಲಿ ಬಿದ್ದಿದೆ. ಅದರಿಂದ ಏನಾದರೂ ಪ್ರಯೋಜನ ಇದೆಯೇ?

ಸಿಮ್ ಇಲ್ಲದಿದ್ದರೂ ವೈಫೈ ಇದ್ದರೆ ಅದು ಅಲಾರಂ ಗಡಿಯಾರ, ರೇಡಿಯೋ, ಅಡುಗೆಮನೆಯ ಟೈಮರ್, ಮನೆ ಕಾಯುವ ಕ್ಯಾಮೆರಾ ಆಗಬಲ್ಲದು. ಇವುಗಳಲ್ಲಿ ಒಂದನ್ನು ಕೊಳ್ಳಬೇಕೆಂದಿದ್ದರೆ ಮೊದಲು ಡ್ರಾಯರ್ ತೆರೆಯಿರಿ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳಬೇಡಿ. ಬೇರೆಯವರಿಗೆ ಕೊಡುವುದಾದರೆ ಖಾತೆಗಳಿಂದ ಲಾಗೌಟ್ ಆಗಿ, ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮರಿ ಕಾರ್ಡ್ ತೆಗೆದು ಕೊಡಿ.

ಹಿಂಬದಿ ಉಬ್ಬಿದ್ದರೆ ಅಥವಾ ಪರದೆ ಮೇಲೆದ್ದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಿರಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಮಾಮೂಲಿ ಕಸದ ಜೊತೆ ಎಸೆಯಬೇಡಿ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರ ಇಟ್ಟು, ಆದಷ್ಟು ಬೇಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಒಪ್ಪಿಸಿ.